ಉತ್ತರಪತ್ರಿಕೆಯ ಖಾಲಿ ಹಾಳೆಗಳು

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ನೀಲಿ. ಸೋರುವ ಇಂಕ್ ಪೆನ್ನನ್ನು ಏನು ಮಾಡಿದರೂ ಬಿಡಲೊಲ್ಲರು. ಅದೇ ಬೆರಳಲ್ಲಿ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನ ರೊಟ್ಟಿ ಮುರಿದು ತಿನ್ನುತ್ತಿದ್ದರು. 2013ರಲ್ಲಿ ನಾನು ಮಲೇಷ್ಯಾದ ಮೆಲಾಕಾದ ಮೆಡಿಕಲ್ ಕಾಲೇಜಿಗೆ ಲೆಕ್ಚರರ್ ಆಗಿ ಸೇರಿದಾಗ ಅವರು ಅನಾಟಮಿಯ ಹಿರಿಯ ಪ್ರೊಫೆಸರು. ಉಡುಪಿ ಕಡೆಯವರು, ಒಂಟಿ ಜೀವ.

ಊಟದ ಬಿಡುವಿನಲ್ಲಿ ಅವರು ಬರೆಯುತ್ತಿದ್ದದ್ದು, ಐನೂರು ವರ್ಷಗಳ ಹಿಂದೆ ಇಟಲಿಯಲ್ಲಿದ್ದ ಒಬ್ಬ ಮಾನವತಾವಾದಿ ವಿದ್ವಾಂಸನ ಜೀವನಚರಿತ್ರೆ. ಅದೂ ಕನ್ನಡದಲ್ಲಿ. ವೈದ್ಯರೆಲ್ಲ ಕಣ್ಣುಮುಚ್ಚಿ ನಂಬಿದ್ದ ಲ್ಯಾಟಿನ್ ಗ್ರಂಥವನ್ನು ಆತ ಗ್ರೀಕ್ ಮೂಲದ ಜೊತೆ ಹೋಲಿಸಿ ನೋಡಿ, ಗಿಡಮೂಲಿಕೆಗಳ ಹೆಸರೇ ತಪ್ಪಿದೆ, ಇದರಿಂದ ರೋಗಿ ಸಾಯುತ್ತಾನೆ ಎಂದು ಹೇಳಿ ಪಂಡಿತರಿಂದೆಲ್ಲ ಬೈಸಿಕೊಂಡನಂತೆ. ಆ ಪುಣ್ಯಾತ್ಮನ ಚಾಳಿ ಇವರಿಗೂ ಅಂಟಿತ್ತು. ಪಠ್ಯಪುಸ್ತಕದಲ್ಲಿದ್ದ ನರವೊಂದರ ಚಿತ್ರವನ್ನು ನಾನು ಹಾಗೇ ಸ್ಲೈಡಿಗೆ ಹಾಕಿ ಪಾಠ ಮಾಡಿದ ದಿನ, ವಿದ್ಯಾರ್ಥಿಗಳ ಎದುರೇ ಕೇಳಿದರು: "ಮೂಲ ನೋಡಿದ್ಯಾ ಮಾರಾಯ್ತಿ?" ಶವದ ಮೇಜಿಗೆ ಕರೆದೊಯ್ದರು. ಚಿತ್ರದಲ್ಲಿದ್ದ ಜಾಗದಲ್ಲಿ ಆ ನರ ಇರಲೇ ಇಲ್ಲ. ನನಗೆ ಮೈಯೆಲ್ಲ ಉರಿದು, ಒಂದು ವಾರ ಅವರನ್ನು ಮಾತಾಡಿಸಲಿಲ್ಲ.

ಕಾಗದ ಹಾಳುಮಾಡುವುದು ಅವರಿಗೆ ಆಗದು. ಕಿರುಪರೀಕ್ಷೆಯ ಹಳೆ ಉತ್ತರಪತ್ರಿಕೆಗಳಲ್ಲಿ ವಿದ್ಯಾರ್ಥಿಗಳು ಬರೆಯದೆ ಬಿಟ್ಟ ಹಾಳೆಗಳಲ್ಲೇ ಹನ್ನೊಂದು ವರ್ಷ ಆ ಪುಸ್ತಕ ಬೆಳೆಯಿತು. ಬೇರೆ ಪ್ರತಿ ಇರಲಿಲ್ಲ. ಟೈಪ್ ಮಾಡಿಕೊಡುತ್ತೇನೆ ಸರ್ ಎಂದು ನಾನು ಹೇಳುತ್ತಲೇ ಇದ್ದೆ. ಹೇಳಿದ್ದಷ್ಟೇ ಬಂತು.

ಹೃದಯಾಘಾತವಾಗಿ ಅವರು ತೀರಿಕೊಂಡ ಮೂರನೇ ದಿನಕ್ಕೇ ಕಾಲೇಜಿನ ಅವರ ಕೋಣೆ ಖಾಲಿ ಮಾಡಬೇಕೆಂದು ಅಪ್ಪಣೆಯಾಯಿತು. ಮೂರೇ ದಿನ! ಅಷ್ಟು ವರ್ಷ ದುಡಿಸಿಕೊಂಡವರಿಗೆ ನಾಚಿಕೆ ಬೇಡವೆ? ಆಫೀಸಿನವನು ನಾಶಮಾಡಬೇಕಾದ ಕಾಗದಗಳ ಪಟ್ಟಿ ಹಿಡಿದು ಬಂದ. 'ಹಳೆ ಉತ್ತರಪತ್ರಿಕೆ, ಆರು ಪೆಟ್ಟಿಗೆ' ಎಂದಿತ್ತು. ನನಗೆ ಕ್ಲಾಸಿಗೆ ಹೊತ್ತಾಗಿತ್ತು.

"ಜಸ್ಟ್ ಸೈನ್ ಲಾ, ಡಾಕ್ಟರ್," ಎಂದ, ಆ ಊರಿನವರ ರಾಗದಲ್ಲಿ.

ಮಾಡಿದೆ.

ಕ್ಲಾಸಿನ ನಡುವೆ ಹೊಳೆಯಿತು. ಸೀಮೆಸುಣ್ಣ ಬಿಸಾಕಿ ಓಡಿದೆ. ಅಷ್ಟರಲ್ಲಿ ಕಾಗದ ಕತ್ತರಿಸುವ ಯಂತ್ರ ಆರೂ ಪೆಟ್ಟಿಗೆ ಮುಗಿಸಿತ್ತು. ಶ್ಯಾವಿಗೆಯಂಥ ಎಳೆಗಳು ತುಂಬಿದ ಚೀಲಗಳಲ್ಲಿ ಅಲ್ಲಲ್ಲಿ ನೀಲಿ ಶಾಯಿ ಕಾಣುತ್ತಿತ್ತು. ಬಾಯಿಗೆ ಬಂದಂತೆ ಆ ಮನುಷ್ಯನನ್ನು ಬೈದೆ. ಅವನು ನನ್ನ ಸಹಿಯ ಪಟ್ಟಿ ಮುಂದಿಟ್ಟ.

ಸಂತಾಪಸಭೆಯಲ್ಲಿ ದೊಡ್ಡವರೆಲ್ಲ ಅವರ ವಿದ್ವತ್ತನ್ನು ಹೊಗಳಿದರು. ಎದ್ದು ಹೊರಗೆ ಬಂದುಬಿಟ್ಟೆ. ಆ ಕಾಲೇಜಿನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ನನ್ನ ಮೇಲಿರುವುದು ಅದಕ್ಕಿಂತ ಹೆಚ್ಚು. ಮೂಲ ನೋಡು ಎಂದು ಜೀವಮಾನವೆಲ್ಲ ಹೇಳಿದವರು ಅವರು. ಒಂದು ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಲು ನನಗೆ ಎಷ್ಟು ಹೊತ್ತು ಬೇಕಿತ್ತು?