ರೇವಣಪ್ಪನ ಬಲಗಾಲು

ಕುರಕುಂಟಾದಲ್ಲಿ ರೇವಣಪ್ಪನಿಗಿಂತ ಅವನ ಬಲಗಾಲಿಗೆ ಮರ್ಯಾದೆ ಹೆಚ್ಚು. ಹುಟ್ಟುವಾಗ ಕಾಲು ಮುಂದಾಗಿ ಬಂದವನು ಒದ್ದರೆ ಹಿಡಿದ ಸೊಂಟ ಬಿಡುತ್ತದೆಂದು ಊರಿನ ನಂಬಿಕೆ. ಹಾಗೆ ಹುಟ್ಟಿದವನು ಇವನೊಬ್ಬನೇ. ಸೇಡಂ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಹೊರುವ ಈ ಹಮಾಲನ ಅಂಗಳದಲ್ಲಿ ಹೆಡ್ ಮಾಸ್ತರು, ಪಂಚಾಯಿತಿ ಮಾಜಿ ಅಧ್ಯಕ್ಷ ಲಕ್ಷ್ಮಿಕಾಂತ, ಎಲ್ಲರೂ ನಲವತ್ತು ವರ್ಷದಿಂದ ಬೋರಲು ಮಲಗಿ ಒದೆಸಿಕೊಂಡಿದ್ದಾರೆ. ಬೇರೆ ದಿನ ಇದೇ ದೊಡ್ಡವರು ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡವರಲ್ಲ. ಆ ಕಾಲು ಬಿಟ್ಟರೆ ಅವನಿಗೆ ಬೇರೆ ಮಾನವಿರಲಿಲ್ಲ.

ಸೇಡಂನಲ್ಲಿ ಡಾಕ್ಟರ್ ಮಹೆವಿಶ ಬೆನ್ನಿನ ಕೀಲು ಒತ್ತಿ ಸರಿಪಡಿಸುವ ಕೈರೋಪ್ರಾಕ್ಟಿಕ್ ದವಾಖಾನೆ ತೆರೆದಾಗ ರೇವಣಪ್ಪ ಬೋರ್ಡು ಓದಿ ಬಿದ್ದು ಬಿದ್ದು ನಕ್ಕ.

“ಹೆಸರಿನಾಗೇ ಕೈ ಅದ! ಕಾಲಿನ ಕೆಲಸ ಕೈಗಿ ಆಗ್ತದೇನ್?”

ಒಂದು ದಿನ ಚೀಲ ಎತ್ತುವಾಗ ಅವನದೇ ಸೊಂಟ ಹಿಡಿಯಿತು. ಊರನ್ನೆಲ್ಲ ಒದ್ದ ಕಾಲು ಸ್ವಂತ ಬೆನ್ನಿಗೆ ನಿಲುಕಲಿಲ್ಲ. ಮೂರು ದಿನ ನರಳಿ, ಮುಖಕ್ಕೆ ಟವೆಲ್ ಸುತ್ತಿಕೊಂಡು ಅದೇ ದವಾಖಾನೆಗೆ ಹೋದ.

ಮಹೆವಿಶ ಕೂಡಲೇ ಕೈ ಹಚ್ಚಲಿಲ್ಲ. ನೋವು ಕಾಲಿಗೆ ಇಳಿಯುತ್ತದೆಯೇ, ಜೋಮು ಹಿಡಿಯುತ್ತದೆಯೇ, ಮೂತ್ರಕ್ಕೆ ತೊಂದರೆಯೇ ಎಂದು ಕೇಳಿದರು. ಎಲ್ಲಕ್ಕೂ ಅವನು ಇಲ್ಲವೆಂದ.

“ಹಂಗೇನರ ಇದ್ರ ದೊಡ್ಡ ದವಾಖಾನಿಗಿ ಕಳಸ್ತಿದ್ದೆ ಕಾಕಾ. ನಿಮ್ಮ ಎಲುಬು ಎಲ್ಲೂ ಸರದಿಲ್ಲ. ಬೆನ್ನಿನ ಕೀಲು ಬಿಗದದ, ಸುತ್ತಲಿನ ಮಾಂಸ ಸೆಟದದ. ಕೀಲು ಸಡಿಲಾದ್ರ ನೋವು ಇಳೀತದ.”

ಪಕ್ಕಕ್ಕೆ ಮಲಗಿಸಿ, ಅಂಗೈ ಊರಿ ಗಕ್ಕನೆ ಒತ್ತಿದರು. ಲಟಕ್!

“ಯವ್ವಾ, ಮುರೀತು!”

“ಇಲ್ರಿ, ಕೀಲಿನಾಗಿನ ಗಾಳಿ ಗುಳ್ಳಿ ಸಪ್ಪಳ ಅದು.”

ಅರ್ಧ ನೋವು ಅಲ್ಲೇ ಇಳಿಯಿತು. ಉಳಿದದ್ದಕ್ಕೆ ವ್ಯಾಯಾಮ ತೋರಿಸಿದರು. ಒದೆಯುವ ಕಾಲಿನ ಸುದ್ದಿ ಸೇಡಂಗೂ ಮುಟ್ಟಿ, ಮುಖ ಮುಚ್ಚಿದ್ದರೂ ಗುರುತು ಸಿಕ್ಕಿತ್ತೇನೋ, ಹೊರಡುವಾಗ ಹೇಳಿದರು: “ಇನ್ನ ಯಾರಿಗೂ ಒದೀಬ್ಯಾಡ್ರಿ ಕಾಕಾ. ವಯಸ್ಸಾದವರ ಎಲುಬು ಮುರದೀತು.”

ಮನೆಗೆ ಬಂದು ಅಕ್ಕ ಬಸವೇಶ್ವರಿಯ ಮುಂದೆ ಅತ್ತೇಬಿಟ್ಟ. “ಒದೀಲಿಲ್ಲಂದ್ರ ಈ ಊರಾಗ ನನ್ನ ಯಾರು ಕೇಳ್ತಾರಕ್ಕಾ?”

ಅಕ್ಕ ಪುಂಡಿ ಸೊಪ್ಪು ಸೋಸುತ್ತಲೇ ಹೇಳಿದಳು: “ಕಾಲು ಮುಂದಾಗಿ ಹುಟ್ಟಿದಾಕಿ ನಾನು. ನೀ ಹುಟ್ಟುವಾಗ ನನಗ ಹತ್ತು ವರ್ಷ, ತಲಿ ಮುಂದಾಗೇ ಬಂದಿ. ಹೆಣ್ಣಿನ ಕಾಲಿನ ಕೆಳಗ ಯಾರು ಮಲಗ್ತಾರಂತ ಅವ್ವ ಅದನ್ನ ನಿನ್ನ ಹೆಸರಿಗಿ ಹಚ್ಚಿದಳು.”

ರೇವಣಪ್ಪನಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಮೆರೆದದ್ದು ಅಕ್ಕನ ಮರ್ಯಾದೆಯಲ್ಲಿ.

ಮರುದಿನ ಬೆಳಿಗ್ಗೆ ಲಕ್ಷ್ಮಿಕಾಂತ ಸೊಂಟ ಹಿಡಿದುಕೊಂಡು ಬಂದು ಅಂಗಳದಲ್ಲಿ ಬೋರಲು ಬಿದ್ದ. “ಲಗೂ ಒದಿಯೋ ರೇವಣಪ್ಪ, ಭಾಳ ತ್ರಾಸ ಆಗ್ಲಿಕತ್ತದ.”

“ನನ್ನ ಕಾಲು ಸುಳ್ಳರಿ ಅಧ್ಯಕ್ಷರ. ಸೇಡಂ ದವಾಖಾನಿಗಿ ಹೋಗ್ರಿ. ಇಲ್ಲ, ಖರೇ ಕಾಲೇ ಬೇಕಂದ್ರ ಅಕ್ಕನ್ನ ಕರೀತೀನಿ.”

ಬಸವೇಶ್ವರಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಸೀರೆಯ ನಿರಿಗೆ ತುಸು ಎತ್ತಿ ಹಿಡಿದಳು.

“ಹೆಣ್ಣಮಗಳ ಕಾಲಾ!” ಎಂದು ಚೀರಿ ಲಕ್ಷ್ಮಿಕಾಂತ ಚಂಗನೆ ಎದ್ದ. ನೆಟ್ಟಗಿನ ಬೆನ್ನಿನಲ್ಲಿ ದಡದಡ ರಸ್ತೆ ಸೇರಿದ. ನಲವತ್ತು ವರ್ಷ ಒದ್ದರೂ ರೇವಣಪ್ಪ ಯಾರನ್ನೂ ಅಷ್ಟು ಬೇಗ ಎಬ್ಬಿಸಿರಲಿಲ್ಲ. ಅಕ್ಕನ ಕಾಲು ಇನ್ನೂ ನೆಲವನ್ನೇ ಬಿಟ್ಟಿರಲಿಲ್ಲ.