ಮದುವೆಗೆ ಸ್ಟೂಲು

ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದ ಸ್ಟುಡಿಯೋ ಅಕ್ಕನಿಗೆ ಎಡಗಣ್ಣಿನ ಸುತ್ತ ಮಾತ್ರ ಸುಕ್ಕುಗಳಿದ್ದವು. ಜೀವಮಾನವೆಲ್ಲ ಆ ಕಣ್ಣು ಮುಚ್ಚಿಕೊಂಡು ಬಲಗಣ್ಣಲ್ಲಿ ಹುಣಸೂರನ್ನು ನೋಡಿದ ಗುರುತು ಅದು. ಸುಮ್ಮನೆ ಕೂತಾಗಲೂ ಯಾರಿಗೋ ಕಣ್ಣು ಹೊಡೆದಂತೆ ಕಾಣುತ್ತಿದ್ದಳು. "ಕಂಡ್ರೆ ಕಾಣ್ಲಿ ಬುಡವ್ವ, ಗಿರಾಕಿ ನಗ್ತಾ ಕೂತ್ಕತಾರೆ" ಎನ್ನುತ್ತಿದ್ದಳು.

ಸ್ಟುಡಿಯೋದಿಂದ ಹೊರಡುವ ಮುಂಚೆ ಅವಳದು ಒಂದೇ ಮಾತು: "ಏನ್ ತಗೀತೀಯ ಹೇಳು, ಆಮೇಕೆ ಬ್ಯಾಗ್ ತುಂಬು." ಕಾಡಿಗಾದರೆ ಉದ್ದ ಲೆನ್ಸು, ನಾಮಕರಣಕ್ಕೆ ಗಿಲಕಿ, ಮದುವೆಗೆ ಸ್ಟೂಲು. ಆ ಮರದ ಸ್ಟೂಲಿನ ಒಂದು ಕಾಲು ಅಲುಗುತ್ತಿತ್ತು. ಅದನ್ನು ಹೊತ್ತು ಛತ್ರಕ್ಕೆ ಹೋಗಲು ನನಗೆ ನಾಚಿಕೆ.

ನಾನೊಬ್ಬಳೇ ಒಪ್ಪಿಕೊಂಡ ಮೊದಲ ಮದುವೆ ರಾವಂದೂರಿನದು. ಅದು ಕೆಟ್ಟರೆ ಮುಂದೆ ಯಾರೂ ಕರೆಯುತ್ತಿರಲಿಲ್ಲ. ಮನೆಯಲ್ಲೂ "ಸಾಕು ನಿನ್ನ ಕ್ಯಾಮೆರಾ" ಎನ್ನಲು ಕಾದಿದ್ದರು. ಬೀಚನಹಳ್ಳಿಯ ಹಿನ್ನೀರಲ್ಲಿ ಹಕ್ಕಿ ತೆಗೆದು ಶಹಬ್ಬಾಸ್‌ಗಿರಿ ಪಡೆದಿದ್ದ ಉದ್ದ ಲೆನ್ಸನ್ನೇ ಠೀವಿಯಿಂದ ಹಾಕಿಕೊಂಡು, ಸ್ಟೂಲು ಬಿಟ್ಟು ಹೋದೆ. ಆದರೆ ನಮ್ಮ ಕಡೆ ಧಾರೆಯನ್ನು ಅಪ್ಪ ಅಮ್ಮ ಮಾತ್ರ ಎರೆದು ಸುಮ್ಮನಾಗುವುದಿಲ್ಲ. ಹಾಲೆರೆಯಲು ಊರಿಗೆ ಊರೇ ಮುಗಿಬೀಳುತ್ತದೆ. ದೂರ ನಿಂತರೆ ಬರೀ ಬೆನ್ನುಗಳು. ನುಗ್ಗಿ ಹತ್ತಿರ ಹೋದರೆ ಲೆನ್ಸಿಗೆ ಸಿಕ್ಕಿದ್ದು ಸೋದರಮಾವನ ಕಿವಿಯೊಂದೇ. ವಾಲಗ ಜೋರಾಯಿತು.

"ವಸಿ ಜರುಗ್ರಪ್ಪಾ" ಎಂದು ಹಿಂದಿನಿಂದ ದನಿ ಬಂತು. ನೋಡಿದರೆ ಮದುವೆಗೆ ನೆಂಟರ ಪೈಕಿಯವಳಾಗಿ ಬಂದಿದ್ದ ಅಕ್ಕ. ಮೈಮೇಲೆ ರೇಷ್ಮೆ ಸೀರೆ, ಕಂಕುಳಲ್ಲಿ ಸ್ಟೂಲು.

"ಊಟುಕ್ ಕೂರಕಾ ಅದು?" ಎಂದು ಯಾರೋ ಕಿಚಾಯಿಸಿದರು. ನಾನು ಸ್ಟುಡಿಯೋದಲ್ಲೇ ಬಿಟ್ಟುಬಂದಿದ್ದ ಗಿಡ್ಡ ಲೆನ್ಸನ್ನು ಅವಳು ಕೈಚೀಲದಿಂದ ತೆಗೆದುಕೊಟ್ಟಳು. "ಹಾಕ್ಕೊ. ಹತ್ತು ಮ್ಯಾಕೆ."

"ಅಲ್ಲಾಡ್ತದೆ ಅಕ್ಕ."

"ನಾ ಹಿಡ್ಕಂಡಿವ್ನಿ ಕಣೇ. ನೀ ಕೆಳೀಕ್ ನೋಡ್ಬ್ಯಾಡ."

ನೋಡಲಿಲ್ಲ. ಮೇಲಿನಿಂದ ಎಲ್ಲ ಕಂಡಿತು: ಬೀಳುವ ಹಾಲು, ಹೆಣ್ಣಿನ ಬೊಗಸೆ, ಅಳು ನುಂಗುತ್ತಿದ್ದ ಅವಳ ಅಪ್ಪ. ಚಿತ್ರ ಸಿಕ್ಕಿತು. ಇಳಿಯುವಾಗ ನೋಡಿದರೆ ಅಕ್ಕ ಕುಕ್ಕರಗಾಲಲ್ಲಿ ಕೂತು ಸ್ಟೂಲಿನ ಅಲುಗುವ ಕಾಲನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದಳು. ಯಾರೋ ಚೆಲ್ಲಿದ ಹಾಲು ಅವಳ ತಲೆಯಿಂದ ಇಳಿಯುತ್ತಿತ್ತು.

"ನಂಗೂ ಧಾರೆ ಎರೆದ್ಬುಟ್ರು" ಎಂದಳು. "ಗಂಡು ಎಲ್ಲವ್ನೆ ನೋಡು."

ಆ ಧಾರೆಯ ಚಿತ್ರ ನೋಡಿಯೇ ನನ್ನನ್ನು ಮುಂದಿನ ಮದುವೆಗೆ ಕರೆದರು. ಇವತ್ತಿಗೂ ನಾನು ಉಣ್ಣುವುದು ಅಕ್ಕನ ಅನ್ನವೇ.

ಹೋದ ವರ್ಷ ಅಕ್ಕ ತೀರಿಕೊಂಡಳು. ಸ್ಟೂಲು ನನ್ನ ಪಾಲಿಗೆ ಬಂತು. ಬಡಗಿಯ ಹತ್ತಿರ ಕಾಲು ಗಟ್ಟಿ ಮಾಡಿಸಿದ್ದೇನೆ, ಈಗ ಒಂಚೂರೂ ಅಲುಗುವುದಿಲ್ಲ. ಆದರೂ ಧಾರೆಯ ಹೊತ್ತಿಗೆ ಹತ್ತಿದಾಗಲೆಲ್ಲ ಒಂದು ಸಲ ಕೆಳಗೆ ನೋಡಿಬಿಡುತ್ತೇನೆ.