ಅಕ್ಕ ಸೋತ ದಿನ ಮಾಗಡಿಗೆ

ಹಾರೋಹಳ್ಳಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ, ಮುಖ ತೊಳೆದುಕೊಂಡು ನೇರವಾಗಿ ಕನಕಪುರದ ಬಸ್ಸು ಹತ್ತಿದೆ. ಅಂದು ವಿಧಾನಸಭೆ ಚುನಾವಣೆಯ ಮತ ಎಣಿಕೆ. ಚನ್ನಪಟ್ಟಣ ಕ್ಷೇತ್ರದಲ್ಲಿ ನಮ್ಮಕ್ಕ ಗೌರಮ್ಮ ಪಕ್ಷೇತರಳಾಗಿ ನಿಂತಿದ್ದಳು. ಜಿಲ್ಲೆಯ ನಾಲ್ಕೂ ಕ್ಷೇತ್ರಗಳ ಎಣಿಕೆ ರಾಮನಗರದ ಒಂದು ಕಾಲೇಜಿನಲ್ಲಿ. ಅವಳು ಗೆಲ್ಲುತ್ತಾಳೆಂದು ನಾನು ಹೊರಟಿರಲಿಲ್ಲ. ಭಾವನಿಗೆ ಮಂಡಿನೋವು, ಬಸ್ಸು ಹತ್ತಲಾರರು. ಸೋತು ಹೊರಗೆ ಬರುವಾಗ ಗೇಟಿನ ಹತ್ತಿರ ಮನೆಯವರೊಬ್ಬರಾದರೂ ಇರಲಿ ಎಂದು ಹೊರಟಿದ್ದೆ.

ಅಕ್ಕ ವಿರೂಪಾಕ್ಷಿಪುರದ ಸುತ್ತಮುತ್ತ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನರ್ಸಾಗಿದ್ದವಳು. ಆ ಕಡೆಯ ಹಳ್ಳಿಗಳಲ್ಲಿ ಅವಳ ಕೈಮೇಲೆ ಹುಟ್ಟಿದವರೇ ಈಗ ಓಟು ಹಾಕುವ ವಯಸ್ಸಿಗೆ ಬಂದಿದ್ದಾರೆ. ನಿವೃತ್ತಿಯಾದ ಮರುವರ್ಷ ಒಬ್ಬ ಬಸುರಿ ಹೆಂಗಸನ್ನು ಚನ್ನಪಟ್ಟಣಕ್ಕೆ ಸಾಗಿಸುವಾಗ ಆಟೋದಲ್ಲೇ ಹೆರಿಗೆಯಾಗಿ, ಮಗು ಉಳಿಯಲಿಲ್ಲ. ಹೋಬಳಿಗೆ ಹಗಲೂ ರಾತ್ರಿ ಇರುವ ಡಾಕ್ಟರು ಬೇಕೆಂದು ಅಕ್ಕ ಕಚೇರಿಯಿಂದ ಕಚೇರಿಗೆ ಅಲೆದಳು. ಕೊನೆಗೆ ಯಾರ ಮಾತನ್ನೂ ಕೇಳದೆ ನಾಮಪತ್ರ ಹಾಕಿದಳು. ಹೊಲಿಗೆ ಯಂತ್ರದ ಗುರುತು ಕೊಟ್ಟರು.

ಕನಕಪುರದ ಬಸ್ ನಿಲ್ದಾಣದಲ್ಲಿ ಇಳಿದು ಇಡ್ಲಿ ತಿಂದೆ. ಎಣಿಕೆ ಇನ್ನೇನು ಶುರುವಾಗುವ ಹೊತ್ತು. ಎದುರಿನ ಅಂಗಡಿಯ ಮುಂದೆ ಆಗಲೇ ಪಟಾಕಿ ಪೆಟ್ಟಿಗೆಗಳನ್ನು ಪೇರಿಸಿದ್ದರು.

"ಫಲಿತಾಂಶ ಬರೋಕ್ ಮುಂಚೇನೇ ತಂದ್ಬುಟ್ರಾ?" ಎಂದು ಹೋಟೆಲಿನವನನ್ನು ಕೇಳಿದೆ.

"ಇಲ್ಲಿ ಎಣಿಸೋದ್ ಏನೈತೆ ಬುಡಿ ಸಾ. ಎಷ್ಟ್ ಲೀಡು ಅನ್ನೋದೊಂದೇ ಪ್ರಶ್ನೆ," ಎಂದು ಅವನು ಚಟ್ನಿ ಸುರಿದ.

ರಾಮನಗರದ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದವನಿಗೆ ದಾರಿಯೇ ಗೊತ್ತಾಗಲಿಲ್ಲ. ಕಂಡಕ್ಟರು ಭುಜ ಅಲುಗಾಡಿಸಿ ಎಬ್ಬಿಸಿದರು. ಕಾಲೇಜಿನ ರಸ್ತೆಗೆ ಪೊಲೀಸರು ಅಡ್ಡಗಟ್ಟೆ ಹಾಕಿದ್ದರು. ನೆರಳಿಲ್ಲದ ಬಯಲಿನಲ್ಲಿ ಜನ ತಲೆಗೆ ಟವೆಲ್ಲು ಹಾಕಿಕೊಂಡು ನಿಂತಿದ್ದರು. ಸುತ್ತಿಗೊಮ್ಮೆ ಧ್ವನಿವರ್ಧಕದಲ್ಲಿ ಲೆಕ್ಕ ಹೇಳುತ್ತಿದ್ದರು. ದೊಡ್ಡ ಪಕ್ಷಗಳ ಹೆಸರು ಬಂದಾಗ ಶಿಳ್ಳೆ, ಕೇಕೆ. ಪಕ್ಷೇತರರ ಹೆಸರು ಓದುವಷ್ಟರಲ್ಲಿ ಜನ ಮಾತಿಗೆ ತೊಡಗುತ್ತಿದ್ದರು. ಅಕ್ಕನ ಹೆಸರು ಕೇಳಿಸಿಕೊಳ್ಳಲು ನಾನು ಪ್ರತಿಸಲವೂ ಕಿವಿಗೆ ಕೈ ಅಡ್ಡ ಹಿಡಿಯಬೇಕಾಯಿತು.

"ಹೊಲ್ಗೆ ಮಿಷನ್ನು ಯಾರ್ದುಲಾ?" ಎಂದು ಪಕ್ಕದಲ್ಲಿದ್ದವನೊಬ್ಬ ತನ್ನ ಗೆಳೆಯನನ್ನು ಕೇಳಿದ.

"ಯಾವ್ದೋ ನರ್ಸಮ್ಮಂದಂತೆ ಕಣ್ಲಾ."

ನಾನು ಮುಂದಿನ ಸುತ್ತಿನ ಲೆಕ್ಕಕ್ಕೆ ಮತ್ತೆ ಕಿವಿಗೆ ಕೈ ಹಿಡಿದೆ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಅಕ್ಕನ ಮತ ಸಾವಿರವನ್ನೂ ಮುಟ್ಟಲಿಲ್ಲ. ಗೇಟಿನಿಂದ ಹೊರಬಂದವಳ ಸೀರೆಯ ನೆರಿಗೆ ಕೂಡ ಕೆಟ್ಟಿರಲಿಲ್ಲ. ಮುಖ ಮಾತ್ರ ಬಾಡಿಹೋಗಿತ್ತು. ನಾನು ಎಳನೀರು ಕೊಡಿಸಿದೆ. ಒಂದೇ ಉಸಿರಿಗೆ ಕುಡಿದು ಕೇಳಿದಳು: "ಮಾಗಡಿ ಬಸ್ಸು ಎಷ್ಟೊತ್ತಿಗೈತೆ ಮಾದೇವ?"

ಮಾಗಡಿಯಲ್ಲಿ ಅವಳ ಮಗಳು ಸವಿತಳ ಗಂಡನ ಮನೆ. ಬೀಗರು ರುದ್ರಪ್ಪನವರು ಹಾರ್ಡ್‌ವೇರ್ ಅಂಗಡಿ ಇಟ್ಟವರು, ಒಂದು ದೊಡ್ಡ ಪಕ್ಷದ ತಾಲ್ಲೂಕು ಮುಖಂಡರು. ಅವರ ಪಕ್ಷದ ಅಭ್ಯರ್ಥಿ ಚನ್ನಪಟ್ಟಣದಲ್ಲೂ ನಿಂತಿದ್ದ. ನಾಮಪತ್ರ ಹಿಂದಕ್ಕೆ ತೆಗೆದುಕೊಳ್ಳಿ, ನನಗೆ ಪಾರ್ಟಿಯಲ್ಲಿ ತಲೆಯೆತ್ತೋಕಾಗ್ತಿಲ್ಲ ಎಂದು ರುದ್ರಪ್ಪನವರು ಫೋನು ಮಾಡಿದ್ದರು. ಅಕ್ಕ ಒಪ್ಪಲಿಲ್ಲ. ಹಾಗಾದರೆ ನಿಮ್ಮ ಮಗಳೂ ನಿಮ್ಮ ಮನೆಗೆ ಬರುವುದಿಲ್ಲ ಎಂದುಬಿಟ್ಟರು. ಸವಿತಳಿಗೆ ಚೊಚ್ಚಲ ಬಸಿರು. ಆಗಲೇ ಒಂಬತ್ತಕ್ಕೆ ಬಿದ್ದಿತ್ತು. ಸೀಮಂತಕ್ಕೂ ಕರೆದಿರಲಿಲ್ಲ. ಊರವರ ಹೆರಿಗೆ ಮಾಡಿಸಿದವಳಿಗೆ ಸ್ವಂತ ಮಗಳ ಕಾಲು ಊದಿದೆಯೋ ಇಲ್ಲವೋ ಎಂದು ನೋಡುವ ಭಾಗ್ಯವೂ ಇರಲಿಲ್ಲ.

"ಇವತ್ತೇ ಬೇಕಾ ಅಕ್ಕ? ಬಾಗ್ಲಲ್ಲೇ ನಿಲ್ಲಿಸ್ಬುಟ್ರೆ?"

"ನಿಲ್ಲಿಸ್ಲಿ. ಬೆಳಗ್ಗಿಂದ ಅಷ್ಟ್ ಜನದ್ ಮುಂದೆ ನಿಂತಿದ್ದೀನಿ. ಇದೊಂದ್ ಬಾಗ್ಲು ಹೆಚ್ಚಾ?"

ಮಾಗಡಿಯ ಬಸ್ಸು ಬಂಡೆಗುಡ್ಡಗಳ ನಡುವೆ ಏದುಸಿರು ಬಿಡುತ್ತ ಸಾಗಿತು. ದಾರಿಯ ತೋಪುಗಳಲ್ಲಿ ಮಾವು ಕೀಳುತ್ತಿದ್ದರು. ಮುಂದಿನ ಸೀಟಿನವನ ಮೊಬೈಲಿನಲ್ಲಿ ಸುದ್ದಿ ಜೋರಾಗಿತ್ತು: ಚನ್ನಪಟ್ಟಣದಲ್ಲಿ ರುದ್ರಪ್ಪನವರ ಪಕ್ಷ ಗೆದ್ದಿತ್ತು, ಮಾಗಡಿಯಲ್ಲಿ ಸೋತಿತ್ತು. ಅಕ್ಕ ನನ್ನ ಮುಖ ನೋಡಿದಳು. ಸೋತ ಮನೆಗೆ ಹೋಗುವುದು ಗೆದ್ದ ಮನೆಗೆ ಹೋಗುವುದಕ್ಕಿಂತ ಕಷ್ಟವೆಂದು ಇಬ್ಬರಿಗೂ ಗೊತ್ತಿತ್ತು.

ಮಾಗಡಿಯಲ್ಲಿ ಇಳಿದಾಗ ಒಂದು ಜೋರು ಮಳೆ ಬಿದ್ದು ನಿಂತಿತ್ತು. ಬೀದಿಯಲ್ಲಿ ನೆನೆದ ಪಟಾಕಿ ಕಾಗದ ಕಾಲಿಗೆ ಮೆತ್ತಿಕೊಳ್ಳುತ್ತಿತ್ತು. ರುದ್ರಪ್ಪನವರ ಅಂಗಡಿಗೆ ಬೀಗ. ಹಿಂದಿನ ವಾರದವರೆಗೆ ಅವರ ಮನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲವಂತೆ. ಈಗ ಪಕ್ಷದ ಸ್ಟಿಕ್ಕರ್ ಅಂಟಿಸಿದ ಕಾರೊಂದು ಬಿಟ್ಟರೆ ಏನೂ ಇರಲಿಲ್ಲ. ರುದ್ರಪ್ಪನವರು ಬನಿಯನ್ನಿನಲ್ಲಿ ಜಗಲಿಯ ಮೇಲೆ ಕೂತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು, ಆದರೆ ಬನ್ನಿ ಎನ್ನಲಿಲ್ಲ.

"ನಾನು ಸೋತೆ ಬೀಗ್ರೆ," ಎಂದಳು ಅಕ್ಕ, ಅಂಗಳದಲ್ಲೇ ನಿಂತು. "ನಿಮ್ ಪಾರ್ಟಿ ಅಲ್ಲಿ ಗೆದ್ದೈತೆ. ಇನ್ನು ನಿಮ್ಗೆ ನನ್ನಿಂದ ತೊಂದ್ರೆಯಿಲ್ಲ. ಮಗಳನ್ನ ಒಂದ್ಸಲ ನೋಡ್ಕೊಂಡ್ ಹೋಗ್ತೀನಿ."

ರುದ್ರಪ್ಪನವರು ಖಾಲಿ ಬೀದಿಯ ಕಡೆ ಕೈ ತೋರಿಸಿದರು. "ಮಧ್ಯಾಹ್ನದಿಂದ ಒಂದ್ ನರಪಿಳ್ಳೆ ಬಂದಿಲ್ಲ ಗೌರಮ್ನೋರೆ. ನನ್ ಜೊತೆ ಊಟ ಮಾಡಿದ್ ಹುಡುಗ್ರೆಲ್ಲ ಆ ಕಡೆ ಮೆರವಣಿಗೇಲಿ ಕುಣೀತಾವ್ರಂತೆ. ಈ ಮನೆಗ್ ಬಂದೋರು ನೀವೇ ಮೊದಲು." ಅವರು ಜಗಲಿಯಿಂದ ಕೆಳಗಿಳಿದರು. "ಒಳಗ್ ಬನ್ನಿ."

ಅಷ್ಟರಲ್ಲಿ ಸವಿತಾ ಬಾಗಿಲಿಗೆ ಬಂದಿದ್ದಳು. ಅಕ್ಕ ಅವಳ ಮುಖವನ್ನೂ ನೋಡಲಿಲ್ಲ. ಬಗ್ಗಿ ಮೊದಲು ಪಾದ ಒತ್ತಿ ನೋಡಿದಳು. ಒತ್ತಿದ ಕಡೆ ಬೆರಳಿನ ಗುಳಿ ಹಾಗೆಯೇ ಉಳಿಯಿತು. "ಎಷ್ಟ್ ದಿನದಿಂದ ಹಿಂಗೈತೆ?" ಎಂದಳು. ಸವಿತಾ ಅಮ್ಮನ ಹೆಗಲಿಗೆ ಒರಗಿದಳು. ಬೆಳಗ್ಗೆಯಿಂದ ಅಳದಿದ್ದ ಅಕ್ಕ ಆಗ ಅತ್ತಳು.

ಅವತ್ತು ರಾತ್ರಿ ಮುದ್ದೆ, ಅವರೆಬೇಳೆ ಸಾರು. ಚುನಾವಣೆಯ ಮಾತನ್ನು ಯಾರೂ ಎತ್ತಲಿಲ್ಲ. ಊಟದ ಕೊನೆಗೆ ರುದ್ರಪ್ಪನವರು ಹೆಂಡತಿಯ ಕಡೆ ತಿರುಗಿ, "ಮುಂದಿನ್ ವಾರ ಒಳ್ಳೆ ದಿನ ನೋಡಿ ಸವಿತನ್ನ ತವರಿಗ್ ಕಳಿಸ್ಕೊಡಾನ," ಎಂದರು.

ಆಕೆ ತಟ್ಟೆಯಿಂದ ತಲೆಯೆತ್ತಲಿಲ್ಲ. "ನಿಮ್ ಒಳ್ಳೆ ದಿನ ಎಲ್ಲಾ ನೋಡಿದ್ದಾಯ್ತು. ನಾಳೆ ಬೆಳಗ್ಗೆ ಕಾರಲ್ಲಿ ಕಳ್ಸಿ," ಎಂದರು. ಅಕ್ಕನ ಅಳಿಯ ಎದ್ದು ಕಾರಿನ ಕೀಲಿ ತಂದು ಕಿಟಕಿಯ ಮೇಲಿಟ್ಟ.

ಮರುದಿನ ಅಳಿಯನೇ ಕಾರು ಓಡಿಸಿದ. ರಾಮನಗರದಲ್ಲಿ ಕಾಫಿ ಕುಡಿದು ಚನ್ನಪಟ್ಟಣ ಸೇರಿದಾಗ ವಿಜಯೋತ್ಸವ ಎದುರಾಯಿತು. ಕಾರಿನ ಮೇಲಿದ್ದ ಪಕ್ಷದ ಸ್ಟಿಕ್ಕರ್ ಕಂಡದ್ದೇ ತಡ, ಜನ ಮುತ್ತಿಕೊಂಡು ಜೈಕಾರ ಹಾಕಿದರು. ಒಬ್ಬ ತೆರೆದ ಕಿಟಕಿಯಿಂದ ಬೊಗಸೆ ತುಂಬ ಹೂವಿನ ಎಸಳು ಎರಚಿದ. ಎಲ್ಲ ಅಕ್ಕನ ತಲೆಯ ಮೇಲೆ, ಸವಿತಳ ಮಡಿಲಲ್ಲಿ ಬಿದ್ದವು. ಸೋತ ಅಭ್ಯರ್ಥಿಯ ಗುರುತು ಅಲ್ಲಿ ಯಾರಿಗೂ ಸಿಗಲಿಲ್ಲ.

ತಮಟೆ ಬಡಿಯುತ್ತಿದ್ದ ನಡುವಯಸ್ಸಿನವನೊಬ್ಬ ಮಾತ್ರ ಕೈ ನಿಲ್ಲಿಸಿ ಬಗ್ಗಿ ನೋಡಿದ. "ನರ್ಸಮ್ಮ ಅಲ್ವಾ? ನನ್ ಎರಡ್ ಮಕ್ಳೂ ನಿಮ್ ಕೈಲೇ ಹುಟ್ಟಿದ್ದು ಕಣವ್ವ." ಸ್ವಲ್ಪ ತಡೆದು, "ಓಟು ಮಾತ್ರ ಹಾಕ್ಲಿಲ್ಲ. ತಪ್ ತಿಳ್ಕೋಬ್ಯಾಡಿ," ಎಂದ.

"ತಪ್ಪೇನಪ್ಪಾ," ಎಂದಳು ಅಕ್ಕ, ಕೂದಲಿಂದ ಎಸಳು ತೆಗೆಯುತ್ತ. "ಗೆದ್ದೋರ್ ಹತ್ರ ಹೋಗಿ ನಮ್ಮಾಸ್ಪತ್ರೆಗೆ ಡಾಕ್ಟ್ರನ್ನ ಕೇಳು. ನೀನು ಓಟ್ ಹಾಕಿದ್ದೀಯ, ಕೇಳೋ ಹಕ್ಕೈತೆ. ಈಗ ಒಸಿ ದಾರಿ ಬುಡ್ಸು, ಬಸುರಿ ಅವ್ಳೆ."

ಅವನು ತಮಟೆಯನ್ನು ಬೆನ್ನಿಗೆ ಸರಿಸಿ, ಕೂಗಿ ಕೂಗಿ ಜನರನ್ನು ಪಕ್ಕಕ್ಕೆ ತಳ್ಳಿದ. ಕಾರು ನಿಧಾನವಾಗಿ ಮುಂದೆ ಹೋಯಿತು.

ವಿರೂಪಾಕ್ಷಿಪುರದ ಮನೆಯಲ್ಲಿ ಭಾವ ಕೋಲೂರಿಕೊಂಡು ಬಾಗಿಲಲ್ಲೇ ನಿಂತಿದ್ದರು. ಮಗಳನ್ನು ಕಂಡವರಿಗೆ ಫಲಿತಾಂಶದ ನೆನಪೇ ಬಂದಂತಿರಲಿಲ್ಲ. ಅಕ್ಕ ಸವಿತಳನ್ನು ಮಲಗಿಸಿ ಕಾಲಡಿಗೆ ಎರಡು ದಿಂಬು ಇಟ್ಟಳು. ಅಳಿಯ ಸಂಕೋಚದಿಂದ ಎರಡು ತುತ್ತು ಉಂಡು ಹೊರಟ. ಹಿಂದಿನ ರಾತ್ರಿಯ ಪಾಳಿ ತಪ್ಪಿಸಿದ್ದ ನನಗೂ ಅಂದು ಪಾಳಿಗೆ ಹೋಗಬೇಕಿತ್ತು. ಎರಡು ದಿನದ ನಿದ್ದೆ ಕಣ್ಣಿನಲ್ಲಿ ಮರಳಿನಂತೆ ಒತ್ತುತ್ತಿತ್ತು.

ಬೀದಿಗಿಳಿದಾಗ ಎದುರಿಗೆ ಪಕ್ಕದ ಹಳ್ಳಿಯ ಹೆಂಗಸೊಬ್ಬಳು ಸೊಸೆಯ ಕೈ ಹಿಡಿದುಕೊಂಡು ಬರುತ್ತಿದ್ದಳು. ಸೊಸೆ ತುಂಬು ಬಸುರಿ.

"ಗೌರಕ್ಕ, ಏನಾಯ್ತು?" ಎಂದು ಆಕೆ ಬಾಗಿಲ ಕಡೆ ಕೂಗಿ ಕೇಳಿದಳು.

"ಸೋತೆ ಕಣೇ," ಎಂದಳು ಒಳಗಿನಿಂದ ಬಂದ ಅಕ್ಕ. "ಬಿಸ್ಲಲ್ಲಿ ನಿಲ್ಲಿಸ್ಬ್ಯಾಡ ಅವ್ಳನ್ನ. ಒಳಗ್ ಕರ್ಕೊಂಡ್ ಬಾ, ಬಿ.ಪಿ. ನೋಡ್ತೀನಿ."

ಬಸ್ಸು ತಿರುವಿನಲ್ಲಿ ಹಾರ್ನ್ ಮಾಡಿತು. ನಾನು ಓಡಿ ಹತ್ತಿ ಹಿಂತಿರುಗಿ ನೋಡುವಷ್ಟರಲ್ಲಿ ಮೂವರೂ ಒಳಗೆ ಹೋಗಿದ್ದರು. ಹೊಸ್ತಿಲ ಹೊರಗೆ ಎರಡು ಜೊತೆ ಚಪ್ಪಲಿ ಬಿಸಿಲಿನಲ್ಲಿದ್ದವು.